ಡೀಸೆಲ್‌ಗೆ ಬಾಟಲಿ ಸುರಿಯುವ ಮೊದಲು ಫಿಲ್ಟರ್ ಬಿಚ್ಚಿ ನೋಡಿ

ಮಧುಗಿರಿ ಕಡೆಯ ನಮ್ಮೂರಲ್ಲಿ ರಾಗಿ ಬಿತ್ತನೆಗೆ ಹದ ಸಿಗುವುದು ಎರಡು ಮೂರು ದಿನ ಮಾತ್ರ. ಆ ಹದ ತಪ್ಪಿತೋ, ಮತ್ತೆ ಮೋಡ ನೋಡುತ್ತಾ ಕೂರಬೇಕು. ಎರಡು ವರ್ಷದ ಹಿಂದೆ ಅಂಥ ದಿನವೇ ನಮ್ಮ 42 ಹೆಚ್‌ಪಿ ಟ್ರ್ಯಾಕ್ಟರ್ ರೋಟವೇಟರ್ ಎಳೆಯುತ್ತಾ ಹೊಲದ ನಡುವೆ ಎರಡು ಸಲ ಮುಕ್ಕರಿಸಿ ನಿಂತುಬಿಟ್ಟಿತು. ಡೀಸೆಲ್ ಪೈಪಿನಲ್ಲಿ ಸೇರಿದ್ದ ಏರ್ ತೆಗೆದೆವು, ಸ್ಟಾರ್ಟ್ ಆಯಿತು. ಅರ್ಧ ಗಂಟೆಗೆ ಮತ್ತೆ ನಿಂತಿತು. ಬದುವಿನ ಮೇಲೆ ನಿಂತವರೆಲ್ಲ ಒಂದೇ ಮಾತು ಹೇಳಿದರು: ಬಂಕಿನವರು ಡೀಸೆಲ್‌ಗೆ ಏನೋ ಬೆರೆಸಿದ್ದಾರೆ. ನಾನೂ ನಂಬಿದೆ. ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ, ಡೀಸೆಲ್ ಶುದ್ಧ ಮಾಡುತ್ತದೆ ಅಂತ ಕೊಟ್ಟ ಬಾಟಲಿಯೊಂದನ್ನು ತಂದು ಟ್ಯಾಂಕಿಗೆ ಸುರಿದೆ. ಮರುದಿನ ಪರಿಸ್ಥಿತಿ ಇನ್ನೂ ಕೆಟ್ಟಿತು.

ಕೊನೆಗೆ ಡೀಸೆಲ್ ಪಂಪ್ ರಿಪೇರಿ ಮಾಡುವವರು ಬಂದು ಫಿಲ್ಟರ್ ಬಿಚ್ಚಿದರು. ಒಳಗೆ ಕಂದು ಬಣ್ಣದ ಲೋಳೆ, ಕೆಳಗೆ ಅರ್ಧ ಲೋಟ ನೀರು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಣ್ಣಾ, ಡೀಸೆಲ್ ಡ್ರಮ್ಮು ಎಲ್ಲಿಟ್ಟಿದ್ದೀರಾ?" ಡ್ರಮ್ಮು ದನದ ಕೊಟ್ಟಿಗೆ ಪಕ್ಕ, ಸೂರಿನ ನೀರು ಬೀಳುವ ಜಾಗದಲ್ಲೇ ಇತ್ತು. ಮುಚ್ಚಳದ ರಬ್ಬರ್ ವಾಷರ್ ಹೋಗಿ ಎಷ್ಟೋ ದಿನವಾಗಿತ್ತು. ವಾರವೆಲ್ಲ ಬಂಕಿನವರನ್ನು ಬೈದುಕೊಂಡು ಓಡಾಡಿದ್ದೆ, ತಪ್ಪು ನಮ್ಮ ಮನೆಯದೇ ಆಗಿತ್ತು. ಪಂಪ್ ಮತ್ತು ನಾಜಲ್ (ಇಂಜಿನ್ ಒಳಗೆ ಡೀಸೆಲ್ ಸಿಂಪಡಿಸುವ ಭಾಗ) ಸರಿ ಮಾಡಿಸಲು ಐದಂಕಿ ಬಿಲ್ಲು ಬಂತು. ಆಮೇಲೆ ಈ ವಿಷಯವನ್ನು ಕೂತು ಓದಿದೆ, ಮೆಕ್ಯಾನಿಕ್‌ಗಳನ್ನು ಕೇಳಿದೆ. ನನಗೆ ಅರ್ಥವಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ಈಗಲೂ ನಮ್ಮ ಕಡೆ ಎಷ್ಟೋ ಜನ ಫಿಲ್ಟರ್‌ಗೆ ಕೊಡಬೇಕಾದ ದುಡ್ಡನ್ನು ಬಾಟಲಿಗೆ ಕೊಡುತ್ತಿದ್ದಾರೆ.

ಮೊದಲು ಈಗಿನ ಡೀಸೆಲ್ ಎಂಥದ್ದು ನೋಡೋಣ. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿಎಸ್-6 (ಭಾರತ್ ಸ್ಟೇಜ್ ಅನ್ನುವ ಹೊಗೆ ನಿಯಮದ ಆರನೇ ಹಂತ) ಡೀಸೆಲ್ ಸಿಗುತ್ತಿದೆ. ಇದರಲ್ಲಿ ಗಂಧಕ 10 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 10 ಪಾಲು ಮೀರುವಂತಿಲ್ಲ. ಬಿಎಸ್-4ರಲ್ಲಿ 50 ಇತ್ತು, ಬಿಎಸ್-3ರಲ್ಲಿ 350 ಇತ್ತು. ಗಂಧಕ ಹೋಗಿದ್ದು ಒಳ್ಳೆಯದೇ, ಹೊಗೆ ಕಡಿಮೆ, ಇಂಜಿನ್ ಆಯಿಲ್ ಬೇಗ ಹುಳಿಯಾಗುವುದಿಲ್ಲ. ಆದರೆ ರಿಫೈನರಿಯಲ್ಲಿ ಗಂಧಕ ತೆಗೆಯುವಾಗ ಡೀಸೆಲ್‌ಗೆ ಸಹಜವಾಗಿ ಜಾರುವ ಗುಣ ಕೊಡುತ್ತಿದ್ದ ಕೆಲವು ಪದಾರ್ಥಗಳೂ ಹೊರಟುಹೋಗುತ್ತವೆ. ಟ್ರ್ಯಾಕ್ಟರಿನ ರೋಟರಿ ಡೀಸೆಲ್ ಪಂಪಿಗೆ ಒಳಗೆ ಬೇರೆ ಆಯಿಲ್ ಇರುವುದಿಲ್ಲ. ಡೀಸೆಲ್ಲೇ ಅದರ ಜಿಡ್ಡು. ಹಾಗಾಗಿ "ಹೊಸ ಡೀಸೆಲ್‌ನಲ್ಲಿ ಪಸೆ ಇಲ್ಲ" ಅಂತ ಹಳೆಯ ಡ್ರೈವರ್‌ಗಳು ಹೇಳುವ ಮಾತು ಸುಮ್ನೆ ಹುಟ್ಟಿದ್ದಲ್ಲ.

ಆದರೆ ಅದು ಅರ್ಧ ಸತ್ಯ. ಕಳೆದುಹೋದ ಪಸೆಯನ್ನು ಕಂಪನಿಗಳು ಸೂಕ್ತ ಪದಾರ್ಥ ಸೇರಿಸಿ ತುಂಬಿಕೊಟ್ಟೇ ಕಳಿಸುತ್ತವೆ. ಭಾರತೀಯ ಮಾನಕ ಐಎಸ್ 1460ರಲ್ಲಿ ಇದಕ್ಕೊಂದು ಪರೀಕ್ಷೆಯೇ ಇದೆ: ಡೀಸೆಲ್‌ನಲ್ಲಿ ಮುಳುಗಿಸಿದ ಉಕ್ಕಿನ ಗುಂಡನ್ನು 60 ಡಿಗ್ರಿ ಬಿಸಿಯಲ್ಲಿ ತಟ್ಟೆಯ ಮೇಲೆ ಉಜ್ಜುತ್ತಾರೆ, ಆಗ ಗುಂಡಿನ ಮೇಲೆ ಬೀಳುವ ಸವೆತದ ಗುರುತು 460 ಮೈಕ್ರಾನ್ (ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್) ಮೀರಬಾರದು. ಅಂದರೆ ನೀವು ಬಂಕಿನಲ್ಲಿ ಹಾಕಿಸುವ ಸರಿಯಾದ ಡೀಸೆಲ್‌ನಲ್ಲಿ ಬೇಕಾದ ಪಸೆ ಆಗಲೇ ಇದೆ. ಅದರ ಮೇಲೆ ಇನ್ನೊಂದು ಬಾಟಲಿ ಸುರಿದರೆ ಪಂಪಿನ ಆಯಸ್ಸು ಎರಡು ಪಟ್ಟು ಆಗುವುದಿಲ್ಲ.

ಸೀಟೇನ್ ಅಂತ ಇನ್ನೊಂದು ಪದ ಕೇಳಿರುತ್ತೀರಿ. ಬಾಟಲಿಗಳ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಇದು ಶಕ್ತಿಯ ಅಳತೆ ಅಲ್ಲ. ಡೀಸೆಲ್ ಇಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ, ಒತ್ತಿದ ಗಾಳಿಯ ಬಿಸಿಗೇ ಡೀಸೆಲ್ ಹತ್ತಿಕೊಳ್ಳಬೇಕು. ಸಿಂಪಡಿಸಿದ ಮೇಲೆ ಎಷ್ಟು ಬೇಗ ಹತ್ತುತ್ತದೆ ಅನ್ನುವುದೇ ಸೀಟೇನ್. ಕಡಿಮೆಯಿದ್ದರೆ ತಡವಾಗಿ, ಒಟ್ಟಿಗೆ ಹತ್ತಿ ಟಕಟಕ ಸದ್ದು ಬರುತ್ತದೆ, ಬೆಳಿಗ್ಗೆ ಸ್ಟಾರ್ಟ್ ಕಷ್ಟ. ನಮ್ಮ ಡೀಸೆಲ್‌ಗೆ ಕನಿಷ್ಠ 51 ಇರಬೇಕು ಅಂತ ನಿಯಮ. ಇಂಜಿನ್ ಕೇಳುವಷ್ಟು ಸಿಕ್ಕ ಮೇಲೆ ಜಾಸ್ತಿ ಮಾಡಿದರೆ ಎಳೆಯುವ ಬಲ ಜಾಸ್ತಿ ಆಗುವುದಿಲ್ಲ.

ಹಾಗಾದರೆ ಪಂಪ್ ಹಾಳಾಗುವುದು ಯಾಕೆ? ನೀರು ಮತ್ತು ದೂಳು. ಬಹುಪಾಲು ಇವೆರಡೇ.

ಡೀಸೆಲ್ ಪಂಪಿನ ಪ್ಲಂಜರ್ (ಡೀಸೆಲ್ ಒತ್ತುವ ಉಕ್ಕಿನ ಕಡ್ಡಿ) ಮತ್ತು ಅದರ ಗೂಡಿನ ನಡುವಿನ ಸಂದು ಎರಡು ಮೂರು ಮೈಕ್ರಾನ್ ಮಾತ್ರ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಅಷ್ಟು ಸಣ್ಣ ಸಂದಿಗೆ ಕೆಮ್ಮಣ್ಣಿನ ದೂಳು ಹೋದರೆ ಉಪ್ಪುಕಾಗದ ಉಜ್ಜಿದ ಹಾಗೆ. ನೀರು ಹೋದರೆ ಪಸೆ ತಪ್ಪಿ ಲೋಹಕ್ಕೆ ಲೋಹ ತಾಗುತ್ತದೆ, ತುಕ್ಕು ಹಿಡಿಯುತ್ತದೆ, ನಾಜಲ್ ತುದಿ ಕೆಡುತ್ತದೆ. ಹಳೆಯ ಪಂಪಿನ ಟ್ರ್ಯಾಕ್ಟರುಗಳು ಇದನ್ನು ಸ್ವಲ್ಪ ಸಹಿಸುತ್ತವೆ, ಅಲ್ಲಿ ನಾಜಲ್ ತೆರೆಯುವ ಒತ್ತಡ 200 ಬಾರ್ ಆಸುಪಾಸು. 2023ರಿಂದ 50 ಹೆಚ್‌ಪಿ ಮೇಲಿನ ಟ್ರ್ಯಾಕ್ಟರುಗಳಿಗೆ ಹೊಸ ಹೊಗೆ ನಿಯಮ ಬಂದ ಮೇಲೆ ಅವುಗಳಲ್ಲಿ ಬಹುಪಾಲಿಗೆ ಕಾಮನ್ ರೈಲ್, ಅಂದರೆ ಎಲ್ಲ ನಾಜಲ್‌ಗಳಿಗೂ ಒಂದೇ ಕೊಳವೆಯಿಂದ ಭಾರೀ ಒತ್ತಡದಲ್ಲಿ ಡೀಸೆಲ್ ಕೊಡುವ ವ್ಯವಸ್ಥೆ, ಬರುತ್ತಿದೆ. ಅದರೊಳಗೆ ಒತ್ತಡ ಸಾವಿರ ಬಾರ್ ದಾಟುತ್ತದೆ. ಅಲ್ಲಿ ಒಂದು ಹನಿ ನೀರೂ ದುಬಾರಿ.

ನೀರು ಬರುವ ದಾರಿಗಳು ಹಲವು. ಡೀಸೆಲ್‌ನಲ್ಲೇ ಸ್ವಲ್ಪ ಇರುತ್ತದೆ, ನಿಯಮದಂತೆ ಕೆಜಿಗೆ 200 ಮಿಲಿಗ್ರಾಂ ತನಕ. ಲೆಕ್ಕ ಹಾಕಿದರೆ 100 ಲೀಟರಿಗೆ ಒಂದು ದೊಡ್ಡ ಚಮಚದಷ್ಟು. ಇದು ಬಹುಪಾಲು ಕರಗಿರುವುದರಿಂದ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಇನ್ನು ಅರ್ಧ ಖಾಲಿ ಟ್ಯಾಂಕಿನಲ್ಲಿ ಗಾಳಿ ಇರುತ್ತದೆ. ನಮ್ಮ ಬಯಲುಸೀಮೆಯಲ್ಲಿ ಕಾರ್ತಿಕದಿಂದ ಮಾಘದ ತನಕ ಹಗಲು ಸುಡು ಬಿಸಿಲು, ರಾತ್ರಿ ಮೈ ನಡುಗುವ ಚಳಿ, ಆಗ ಆ ಗಾಳಿಯ ತೇವ ಟ್ಯಾಂಕಿನ ಗೋಡೆಗೆ ಹನಿಯಾಗಿ ಕೂತು ಕೆಳಗಿಳಿಯುತ್ತದೆ. ಕೆಲಸ ಮುಗಿಸಿ ಸಂಜೆಯೇ ಟ್ಯಾಂಕ್ ತುಂಬಿಸಿ ನಿಲ್ಲಿಸಿ ಅಂತ ಹೇಳುವುದು ಇದಕ್ಕೇ. ಆದರೆ ನಾನು ನೋಡಿದ ಮಟ್ಟಿಗೆ ಲೋಟಗಟ್ಟಲೆ ನೀರು ಬರುವುದು ಹೀಗಲ್ಲ. ಸಡಿಲ ಮುಚ್ಚಳ, ತೊಳೆದು ಒಣಗಿಸದ ಕ್ಯಾನು, ಮಳೆಯಲ್ಲಿ ನಿಂತ ಡ್ರಮ್ಮು, ಗಾಡಿ ತೊಳೆಯುವಾಗ ನೀರಿನ ಪೈಪನ್ನು ಟ್ಯಾಂಕಿನ ಮುಚ್ಚಳಕ್ಕೇ ಹಿಡಿಯುವುದು, ಇವುಗಳಿಂದ.

ನೀರು ತಳದಲ್ಲಿ ನಿಂತರೆ ಇನ್ನೊಂದು ಉಪದ್ರವ ಶುರುವಾಗುತ್ತದೆ. ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆ. ನೀರಲ್ಲಿ ಬದುಕುತ್ತವೆ, ಡೀಸೆಲ್ ತಿನ್ನುತ್ತವೆ. ನಮ್ಮ ಫಿಲ್ಟರಿನಲ್ಲಿ ಕಂಡ ಕಂದು ಲೋಳೆ ಅದೇ. ವರ್ಷದಲ್ಲಿ ನಾಲ್ಕೈದು ತಿಂಗಳು ಸುಮ್ನೆ ನಿಲ್ಲುವ ಟ್ರ್ಯಾಕ್ಟರುಗಳಲ್ಲಿ ಇದು ಜಾಸ್ತಿ. ಬಯೋಡೀಸೆಲ್ (ಗಿಡಮರದಂಥ ಎಣ್ಣೆಯಿಂದ ಮಾಡಿದ ಇಂಧನ) ಬೆರೆತಿದ್ದರೆ ಇನ್ನೂ ಬೇಗ, ಯಾಕೆಂದರೆ ಅದು ನೀರನ್ನು ಹೆಚ್ಚು ಹೀರುತ್ತದೆ. ಬಂಕಿನ ಡೀಸೆಲ್‌ನಲ್ಲಿ 7% ತನಕ ಬಯೋಡೀಸೆಲ್ ಇರಲು ನಿಯಮದಲ್ಲೇ ಅವಕಾಶವಿದೆ. ಎಥೆನಾಲ್ ಬೆರೆಸುವುದು ಪೆಟ್ರೋಲಿಗೆ, ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಡೀಸೆಲ್ ಚೆನ್ನಾಗಿದೆಯೋ ಇಲ್ಲವೋ ಮನೆಯಲ್ಲೇ ನೋಡುವ ದಾರಿ ಒಂದಿದೆ, ಬಹಳ ಸರಳ. ಒಂದು ಲೀಟರ್ ಹಿಡಿಯುವ ಗಾಜಿನ ಬಾಟಲಿ ತೊಳೆದು ಚೆನ್ನಾಗಿ ಒಣಗಿಸಿ. ಟ್ಯಾಂಕಿನ ತಳದಿಂದಲೋ ಡ್ರಮ್ಮಿನ ತಳದಿಂದಲೋ ಡೀಸೆಲ್ ತೆಗೆದು ತುಂಬಿ, ಮುಚ್ಚಿ, ನೆರಳಲ್ಲಿ ಒಂದು ದಿನ ಅಲುಗಾಡಿಸದೆ ಇಡಿ. ಮೇಲಿನಿಂದ ತೆಗೆದರೆ ಏನೂ ಗೊತ್ತಾಗುವುದಿಲ್ಲ, ಕೊಳಕೆಲ್ಲ ಕೆಳಗೇ ಇರುತ್ತದೆ. ಮರುದಿನ ಬೆಳಕಿಗೆ ಹಿಡಿದು ನೋಡಿ. ಒಳ್ಳೆಯ ಡೀಸೆಲ್ ಅಂದರೆ ಬಾಟಲಿಯ ಹಿಂದೆ ಹಿಡಿದ ಪೇಪರಿನ ಅಕ್ಷರ ಓದುವಷ್ಟು ತಿಳಿ. ಮಂಜು ಮಂಜಾಗಿದ್ದರೆ ಸಣ್ಣ ನೀರಿನ ಹನಿಗಳು ಇನ್ನೂ ತೇಲುತ್ತಿವೆ. ತಳದಲ್ಲಿ ಗುಳ್ಳೆಯಂತೆ ಉರುಳುವುದು ನೀರು, ಕಪ್ಪು ಕಂದು ಪುಡಿ ಇದ್ದರೆ ತುಕ್ಕು ಅಥವಾ ದೂಳು, ನಡುವೆ ಜೇಡರಬಲೆಯಂಥ ಪೊರೆ ಕಂಡರೆ ಬೂಷ್ಟು. ನೀರು ಹೌದೋ ಅಲ್ಲವೋ ಅನುಮಾನವಾದರೆ ಕೇಸರಿಬಾತಿಗೆ ಹಾಕುವ ಬಣ್ಣದ ಪುಡಿ ಒಂದು ಚಿಟಿಕೆ ಬಾಟಲಿಗೆ ಹಾಕಿ. ಆ ಬಣ್ಣ ಡೀಸೆಲ್‌ನಲ್ಲಿ ಕರಗುವುದಿಲ್ಲ, ಪುಡಿಯಾಗಿಯೇ ತಳಕ್ಕೆ ಇಳಿಯುತ್ತದೆ. ಅಲ್ಲಿ ನೀರಿದ್ದರೆ ಮಾತ್ರ ಬಣ್ಣ ಬಿಡುತ್ತದೆ. ಪರೀಕ್ಷೆ ಮಾಡಿದ ಡೀಸೆಲ್ಲನ್ನು ಮತ್ತೆ ಟ್ಯಾಂಕಿಗೆ ಹಾಕಬೇಡಿ.

ಬೆರಳಲ್ಲಿ ಉಜ್ಜಿ ನೋಡುವುದು, ಮೂಸಿ ನೋಡುವುದು, ಬಣ್ಣ ನೋಡಿ ಹೇಳುವುದು, ಇವು ಯಾವುದನ್ನೂ ನಂಬಬೇಡಿ. ಪೇಪರ್ ಮೇಲೆ ಹನಿ ಹಾಕಿ ಕಲೆ ನೋಡುವ ಪರೀಕ್ಷೆ ಪೆಟ್ರೋಲಿಗೆ ಇರುವುದು, ಡೀಸೆಲ್‌ಗೆ ಅಲ್ಲ. ಬೆಂಕಿ ಹಚ್ಚಿ ನೋಡುವವರೂ ಇದ್ದಾರೆ, ದಯವಿಟ್ಟು ಬೇಡ.

ಬಂಕಿನಲ್ಲಿ ನಿಮಗಿರುವ ಹಕ್ಕು ಬಹಳ ಜನರಿಗೆ ಗೊತ್ತಿಲ್ಲ. ಡೆನ್ಸಿಟಿ, ಅಂದರೆ ಒಂದು ಘನ ಮೀಟರ್ ಡೀಸೆಲ್ ಎಷ್ಟು ಕೆಜಿ ತೂಗುತ್ತದೆ ಅನ್ನುವುದನ್ನು, ತೋರಿಸಿ ಅಂತ ಕೇಳಬಹುದು. ಅವರ ಹತ್ತಿರ ಗಾಜಿನ ಜಾರು, ಡೆನ್ಸಿಟಿ ಅಳೆಯುವ ಹೈಡ್ರೋಮೀಟರ್, ಥರ್ಮಾಮೀಟರ್, ಲೆಕ್ಕದ ಪಟ್ಟಿ ಇರಲೇಬೇಕು. ಇಲ್ಲಿ ಒಂದು ಸೂಕ್ಷ್ಮ ಇದೆ. ಡೀಸೆಲ್ ಬಿಸಿಯಾದರೆ ಹಿಗ್ಗುತ್ತದೆ, ಒಂದು ಡಿಗ್ರಿಗೆ ಡೆನ್ಸಿಟಿ ಹತ್ತಿರ ಹತ್ತಿರ 0.7ರಷ್ಟು ಇಳಿಯುತ್ತದೆ. ಅದಕ್ಕೇ ಎಲ್ಲವನ್ನೂ 15 ಡಿಗ್ರಿಗೆ ಬದಲಿಸಿ ಹೋಲಿಸುತ್ತಾರೆ. 30 ಡಿಗ್ರಿಯಲ್ಲಿ 822 ತೋರಿಸಿದ ಡೀಸೆಲ್ 15 ಡಿಗ್ರಿ ಲೆಕ್ಕದಲ್ಲಿ 832 ಆಗುತ್ತದೆ. ಇದು ಗೊತ್ತಿಲ್ಲದೆ ಮಧ್ಯಾಹ್ನದ ಬಿಸಿಲಲ್ಲಿ ಹೈಡ್ರೋಮೀಟರ್ ನೋಡಿ ಜಗಳ ತೆಗೆದರೆ ತಪ್ಪು ನಮ್ಮದಾಗುತ್ತದೆ. ಟ್ಯಾಂಕರ್ ಬಂದಾಗ ಚಲನ್‌ನಲ್ಲಿ ಬರೆದ ಡೆನ್ಸಿಟಿಗೂ ಈಗ ಅಳೆದದ್ದಕ್ಕೂ 3ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು.

ಈ ಪರೀಕ್ಷೆಗೂ ಒಂದು ಮಿತಿ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 830 ಇರುವ ಡೀಸೆಲ್‌ಗೆ 800 ಇರುವ ಸೀಮೆಎಣ್ಣೆಯನ್ನು ಹತ್ತಕ್ಕೆ ಒಂದು ಪಾಲು ಬೆರೆಸಿದರೆ ಡೆನ್ಸಿಟಿ ಇಳಿಯುವುದು 827ಕ್ಕೆ ಮಾತ್ರ. ಅಂದರೆ ಸ್ವಲ್ಪ ಕಲಬೆರಕೆಯನ್ನು ಹೈಡ್ರೋಮೀಟರ್ ಹಿಡಿಯುವುದಿಲ್ಲ, ಲ್ಯಾಬಿಗೇ ಹೋಗಬೇಕು. ದೊಡ್ಡ ಮಟ್ಟದ ಬೆರಕೆಯನ್ನು ಹಿಡಿಯುತ್ತದೆ ಅನ್ನುವುದಷ್ಟೇ ಅದರ ಉಪಯೋಗ. ಅದಕ್ಕೆ ಜನ ಜಾಸ್ತಿ ಹೋಗುವ, ಟ್ಯಾಂಕ್ ಬೇಗ ಖಾಲಿಯಾಗಿ ಹೊಸ ಲೋಡು ಬರುತ್ತಲೇ ಇರುವ ಬಂಕನ್ನೇ ಹಿಡಿದು, ಅಲ್ಲೇ ಹಾಕಿಸುವುದು ಒಳ್ಳೆಯದು. ಬಿಲ್ಲು ಕೇಳಿ ಪಡೆಯಿರಿ. ನಾಳೆ ದೂರು ಕೊಡಬೇಕಾದರೆ ಅದೊಂದೇ ಆಧಾರ.

ಅಳತೆಯ ಅನುಮಾನ ಇದ್ದರೆ ಐದು ಲೀಟರಿನ ಮುದ್ರೆ ಹಾಕಿದ ಮಾಪು ಪ್ರತಿ ಬಂಕಿನಲ್ಲೂ ಇರುತ್ತದೆ, ತುಂಬಿಸಿ ತೋರಿಸಿ ಅನ್ನಿ. 25 ಮಿಲಿ ತನಕ ಹೆಚ್ಚುಕಡಿಮೆ ಇರಬಹುದು, ಅದಕ್ಕಿಂತ ಕಮ್ಮಿ ಬಂದರೆ ಕಾನೂನು ಮಾಪನ ಇಲಾಖೆಗೆ ದೂರು ಕೊಡಬಹುದು. ಜೋರು ಮಳೆ ಆದ ಮರುದಿನ ನೆಲದೊಳಗಿನ ಟ್ಯಾಂಕಿಗೆ ನೀರು ಸೇರಿದೆಯೋ ಅಂತ ನೋಡಲು ಅವರ ಹತ್ತಿರ ಬಣ್ಣ ಬದಲಾಗುವ ಪೇಸ್ಟ್ ಇರುತ್ತದೆ, ಅಳತೆ ಕೋಲಿನ ತುದಿಗೆ ಹಚ್ಚಿ ಇಳಿಸುತ್ತಾರೆ. ಅದನ್ನೂ ಕೇಳಬಹುದು. ಟ್ಯಾಂಕರ್ ಇಳಿಸುತ್ತಿರುವಾಗ ಹಾಕಿಸಬೇಡಿ, ತಳದ ಕೊಳಕು ಕದಡಿರುತ್ತದೆ. ಟೀ ಕುಡಿದು, ಸಂತೆ ಮುಗಿಸಿ ಬನ್ನಿ.

ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯವರಿಗೆ ಗಡಿ ಪಕ್ಕದಲ್ಲೇ ಇದೆ, ರಾಜ್ಯದಿಂದ ರಾಜ್ಯಕ್ಕೆ ಬೆಲೆಯ ವ್ಯತ್ಯಾಸವೂ ಇದೆ. ಹಾಗಾಗಿ "ಬ್ಯಾರೆಲ್‌ನಲ್ಲಿ ಕೊಡುತ್ತೇವೆ, ಲೀಟರಿಗೆ ಹತ್ತು ಹದಿನೈದು ರೂಪಾಯಿ ಕಮ್ಮಿ" ಅನ್ನುವವರು ಎಲ್ಲಿ ಬೇಕಾದರೂ ಸಿಗಬಹುದು. ಅದು ಏನು ಎಣ್ಣೆ, ಎಲ್ಲಿಂದ ಬಂತು ಅಂತ ಹೇಳುವ ಕಾಗದ ಇಲ್ಲದಿದ್ದರೆ ಮುಟ್ಟಬೇಡಿ. ಒಂದು ಪಂಪ್ ರಿಪೇರಿಗೆ ಆ ಉಳಿತಾಯವೆಲ್ಲ ಹೋಗುತ್ತದೆ.

ಈಗ ಬಾಟಲಿಗಳ ವಿಷಯ. ಎಲ್ಲ ಬಾಟಲಿಯೂ ಮೋಸ ಅಂತ ನಾನು ಹೇಳುವುದಿಲ್ಲ. ಕೆಲವಕ್ಕೆ ನಿಜವಾದ ಕೆಲಸ ಇದೆ, ಆದರೆ ಒಂದೊಂದಕ್ಕೆ ಒಂದೊಂದೇ ಕೆಲಸ. ನಾಜಲ್ ತೊಳೆಯುವ ಸೋಪಿನ ಗುಣದ ದ್ರವ ನಾಜಲ್ ತುದಿಯ ಮಸಿಯನ್ನು ನಿಧಾನಕ್ಕೆ ಬಿಡಿಸಬಲ್ಲದು. ಸವೆದುಹೋದ ನಾಜಲನ್ನು ಅದು ಸರಿ ಮಾಡುವುದಿಲ್ಲ, ಯಾವ ದ್ರವವೂ ಲೋಹವನ್ನು ಮತ್ತೆ ಬೆಳೆಸುವುದಿಲ್ಲ ಅಲ್ವಾ? ಇನ್ನೊಂದು ಎಚ್ಚರಿಕೆ: ಹದಿನೈದು ವರ್ಷದ ಹಳೆಯ ಟ್ಯಾಂಕಿಗೆ ಇದನ್ನು ಹಾಕಿದರೆ ಗೋಡೆಗೆ ಅಂಟಿದ ಕೊಳಕೆಲ್ಲ ಒಮ್ಮೆಲೇ ಬಿಟ್ಟು ಫಿಲ್ಟರಿಗೆ ಬಂದು ಕೂರುತ್ತದೆ. ಟ್ಯಾಂಕ್ ತೊಳೆದೇ ಹಾಕಬೇಕು, ಕೈಯಲ್ಲಿ ಒಂದು ಹೊಸ ಫಿಲ್ಟರ್ ಇರಬೇಕು.

ನೀರಿಗೆ ಹಾಕುವ ಬಾಟಲಿಯಲ್ಲಿ ಎರಡು ಜಾತಿ ಇದೆ, ಇಲ್ಲೇ ನಾನು ಎಡವಿದ್ದು. ಒಂದು ಜಾತಿ ನೀರನ್ನು ಡೀಸೆಲ್‌ನಿಂದ ಬೇರೆ ಮಾಡಿ ತಳಕ್ಕೆ ಇಳಿಸುತ್ತದೆ, ನೀವು ಡ್ರೈನ್ ಬಿಚ್ಚಿ ತೆಗೆಯಬೇಕು. ಇನ್ನೊಂದು ಜಾತಿ ನೀರನ್ನು ಡೀಸೆಲ್ ಜೊತೆಗೇ ಕಲೆಸಿಬಿಡುತ್ತದೆ, ಮಜ್ಜಿಗೆ ಕಡೆದ ಹಾಗೆ. ಕಲೆತ ನೀರನ್ನು ವಾಟರ್ ಸೆಪರೇಟರ್ (ಪಂಪಿಗೆ ಮೊದಲು ನೀರನ್ನು ತಡೆದು ಹಿಡಿಯುವ ಬಟ್ಟಲು) ಹಿಡಿಯಲಾರದು, ಅದು ನೇರ ಪಂಪಿಗೇ ಹೋಗುತ್ತದೆ. ಕೆಲವದರಲ್ಲಿ ಆಲ್ಕೋಹಾಲ್ ಇರುತ್ತದೆ, ಅದು ಡೀಸೆಲ್‌ನ ಪಸೆಯನ್ನೂ ಕಮ್ಮಿ ಮಾಡುತ್ತದೆ. ನಾನು ತಂದ ಬಾಟಲಿ ಎರಡನೇ ಜಾತಿಯದು. ಲೋಟಗಟ್ಟಲೆ ನೀರಿರುವ ಟ್ಯಾಂಕಿಗೆ ಮದ್ದು ಒಂದೇ, ಬಿಚ್ಚಿ ಖಾಲಿ ಮಾಡಿ ಒರೆಸುವುದು. ಬೂಷ್ಟು ಸಾಯಿಸುವ ಔಷಧಿಯೂ ಹಾಗೇ. ಮೊದಲು ಟ್ಯಾಂಕ್ ತೊಳೆಯದೆ ಹಾಕಿದರೆ ಸತ್ತ ಬೂಷ್ಟೆಲ್ಲ ಫಿಲ್ಟರಿಗೆ ಬರುತ್ತದೆ. ಅದು ವಿಷ ಕೂಡ, ಕೈಗವಸು ಹಾಕಿಕೊಂಡೇ ಮುಟ್ಟಬೇಕು.

ಚಳಿಗೆ ಡೀಸೆಲ್ ಹೆಪ್ಪುಗಟ್ಟದಂತೆ ತಡೆಯುವ ಬಾಟಲಿ ನಮಗೆ ಬೇಡವೇ ಬೇಡ. ಹಿಮ ಬೀಳುವ ಲಡಾಖಿನಂಥ ಕಡೆ ಅದು ಬೇಕು. ತುಮಕೂರಲ್ಲೂ ಕೋಲಾರದಲ್ಲೂ ನಂದಿಬೆಟ್ಟದ ತಪ್ಪಲಲ್ಲೂ ಡೀಸೆಲ್ ಮೇಣದಂತಾಗುವ ಚಳಿ ಬೀಳುವುದಿಲ್ಲ.

ಮನೆಮದ್ದುಗಳ ಬಗ್ಗೆ ಕಟುವಾಗಿಯೇ ಹೇಳುತ್ತೇನೆ. ಟೂ ಸ್ಟ್ರೋಕ್ ಆಯಿಲ್ ಪೆಟ್ರೋಲ್ ಇಂಜಿನ್‌ಗೆ ಮಾಡಿದ್ದು, ಬೇಕಾದ ಪಸೆ ಆಗಲೇ ಇರುವಾಗ ಅದರಿಂದ ಲಾಭ ಇಲ್ಲ. ಹೊಗೆಯ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುವ ಹೊಸ ಗಾಡಿಯಲ್ಲಂತೂ ಅದರ ಬೂದಿ ಅಲ್ಲಿ ಕಟ್ಟಿಕೊಳ್ಳುತ್ತದೆ. ಸೀಮೆಎಣ್ಣೆ ತೆಳು, ಪಂಪ್ ಸವೆಸುತ್ತದೆ. ಬದಲಿಸಿದ ಹಳೇ ಇಂಜಿನ್ ಆಯಿಲನ್ನು ಬಟ್ಟೆಯಲ್ಲಿ ಸೋಸಿ ಹಾಕುವವರಿದ್ದಾರೆ. ಅದರಲ್ಲಿರುವ ಲೋಹದ ಪುಡಿ, ಮಸಿ ಬಟ್ಟೆಯಲ್ಲಿ ನಿಲ್ಲುವಷ್ಟು ದಪ್ಪ ಇರುವುದಿಲ್ಲ. ಹೊಂಗೆ ಎಣ್ಣೆಯ ಮಾತು ಬೇರೆ. ನಮ್ಮ ಬದುಗಳಲ್ಲಿ ಹೊಂಗೆ ಮರ ಬೇಕಾದಷ್ಟಿವೆ, ಅದರಿಂದ ಒಳ್ಳೆಯ ಬಯೋಡೀಸೆಲ್ ಆಗುತ್ತದೆ, ಹಾಸನದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನದಲ್ಲಿ ಆ ಕೆಲಸ ನಡೆದಿದೆ. ಆದರೆ ಗಾಣದ ಎಣ್ಣೆ ಡೀಸೆಲ್‌ಗಿಂತ ಹತ್ತು ಪಟ್ಟು ಮಂದ. ಮೆಥನಾಲ್ ಜೊತೆ ರಾಸಾಯನಿಕ ಕ್ರಿಯೆ ಮಾಡಿಸಿ ಗ್ಲಿಸರಿನ್ ಬೇರ್ಪಡಿಸಿದ ಮೇಲೇ ಅದು ಬಯೋಡೀಸೆಲ್. ಹಸಿ ಎಣ್ಣೆ ನೇರ ಸುರಿದರೆ ನಾಜಲ್ ತುದಿಯಲ್ಲಿ ಕಿಟ್ಟ ಕಟ್ಟುತ್ತದೆ. ಇನ್ನು ಡಿಇಎಫ್ ಅಂತ ನೀಲಿ ಮುಚ್ಚಳದ ಟ್ಯಾಂಕಿಗೆ ಹಾಕುವ ದ್ರವ ಡೀಸೆಲ್ ಸೇರ್ಪಡೆ ಅಲ್ಲವೇ ಅಲ್ಲ, ಅದು ಯೂರಿಯಾ ಬೆರೆಸಿದ ನೀರು. ತಪ್ಪಿ ಡೀಸೆಲ್ ಟ್ಯಾಂಕಿಗೆ ಬಿದ್ದರೆ ಸ್ಟಾರ್ಟ್ ಮಾಡದೆ ಟ್ಯಾಂಕ್ ಖಾಲಿ ಮಾಡಿಸಿ.

"ಡೀಸೆಲ್ ಉಳಿಯುತ್ತದೆ" ಅನ್ನುವ ಮಾತಿಗೆ ಒಂದು ಲೆಕ್ಕ ಹಾಕಿ. ಡೀಸೆಲ್ 90 ರೂಪಾಯಿ ಅಂತಿಟ್ಟುಕೊಳ್ಳಿ, ಬಾಟಲಿಯ ಖರ್ಚು ಲೀಟರಿಗೆ 2 ರೂಪಾಯಿ ಬಿತ್ತು ಅನ್ನಿ. ನಷ್ಟವಾಗದೆ ಇರಲಿಕ್ಕೇ 2%ಗಿಂತ ಜಾಸ್ತಿ ಉಳಿಯಬೇಕು. ಅಷ್ಟು ಸಣ್ಣ ವ್ಯತ್ಯಾಸ ಹೊಲದಲ್ಲಿ ಗೊತ್ತಾಗುವುದಿಲ್ಲ. ನೆಲದ ಹದ ಬದಲಾದರೆ, ಕಲ್ಟಿವೇಟರ್ ಎರಡು ಬೆರಳು ಆಳ ಇಳಿದರೆ, ಟೈರ್ ಗಾಳಿ ಕಮ್ಮಿಯಾದರೆ ಅದಕ್ಕಿಂತ ಜಾಸ್ತಿ ಏರಿಳಿತ ಬರುತ್ತದೆ. ಮುಚ್ಚಿಹೋದ ಏರ್ ಫಿಲ್ಟರ್ ಸರಿ ಮಾಡಿದರೆ ಸಿಗುವ ಉಳಿತಾಯ ಇದಕ್ಕಿಂತ ದೊಡ್ಡದು. ಕಪ್ಪು ಹೊಗೆ ಬಂದರೆ ಡೀಸೆಲ್ ಕೆಟ್ಟಿದೆ ಅಂತ ಹೇಳುವ ಮೊದಲು ಆ ಏರ್ ಫಿಲ್ಟರ್ ನೋಡಿ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ಬಿಳಿ ಹೊಗೆಯಲ್ಲಿ ಮಾತ್ರ ಡೀಸೆಲ್‌ನ ನೀರಿನ ಪಾತ್ರ ಇರಬಹುದು.

ಈಗ ನಮ್ಮ ಮನೆಯಲ್ಲಿ ಡ್ರಮ್ಮು ಕೊಟ್ಟಿಗೆ ಬಿಟ್ಟು ಒಳಗೆ ಬಂದಿದೆ, ಅಡ್ಡ ಮಲಗಿಸಿ, ಹಿಂಬದಿ ಸ್ವಲ್ಪ ತಗ್ಗಾಗಿ ಇಟ್ಟಿದ್ದೇನೆ, ನೀರಿದ್ದರೆ ಹಿಂದಕ್ಕೆ ಸೇರುತ್ತದೆ, ನಲ್ಲಿಗೆ ಬರುವುದಿಲ್ಲ. ಸತುವಿನ ಲೇಪದ ಜಿಐ ಕ್ಯಾನು ಹೋಯಿತು, ಯಾಕೆಂದರೆ ಸತುವು ಡೀಸೆಲ್ ಜೊತೆ ಸೇರಿ ಸೋಪಿನಂಥ ಅಂಟು ಕಟ್ಟುತ್ತದೆ. ಹೊಸ ಡೀಸೆಲ್ ತಂದ ದಿನ ಸುರಿಯದೆ ಒಂದು ರಾತ್ರಿ ಬಿಟ್ಟು, ಸಣ್ಣ ಕಣ್ಣಿನ ಜಾಲರಿ ಇರುವ ಆಲಿಕೆಯಲ್ಲಿ ಹಾಕುತ್ತೇನೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ವಾಟರ್ ಸೆಪರೇಟರ್ ಬಟ್ಟಲು ನೋಡಿ, ಗೆರೆ ಕಂಡರೆ ಡ್ರೈನ್ ಬಿಡುತ್ತೇನೆ. ಫಿಲ್ಟರ್ ಬದಲಿಸಿದ ಗಂಟೆಯ ಲೆಕ್ಕವನ್ನು ಮಡ್‌ಗಾರ್ಡ್ ಒಳಬದಿಗೆ ಪೇಂಟಿನಲ್ಲಿ ಬರೆದಿದ್ದೇನೆ, ಕಂಪನಿಯ ಕೈಪಿಡಿ ಹೇಳಿದ ಗಂಟೆಗೆ ಒಮ್ಮೆ ಬದಲು. ಮತ್ತೆ ಕಿಟಕಿಯ ಮೇಲೆ ಒಂದು ಗಾಜಿನ ಬಾಟಲಿ ಇದೆ. ಪ್ರತಿ ಸಲ ಡ್ರಮ್ಮು ತುಂಬಿಸಿದಾಗ ಅದರಲ್ಲಿ ಒಂದು ಲೀಟರ್ ತುಂಬಿ, ತಾರೀಖು ಬರೆದ ಚೀಟಿ ಅಂಟಿಸಿ, ಆ ಡೀಸೆಲ್ ಮುಗಿಯುವ ತನಕ ಇಡುತ್ತೇನೆ.